ಮಗುವಿನ ಬಲಗಡೆಯ ಜಾಗ

ನಮ್ಮ ಭಾವ ಎರಾಸ್ಮೊ ಅಮೆರಿಕದ ಪ್ರಜೆಯಾದ ಕಥೆಯನ್ನು ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಕೇಳಿದ್ದೇನೆ. ಪ್ರತಿ ವರ್ಷ ಸಂತ ಜೋಸೆಫರ ಹಬ್ಬದ ಊಟಕ್ಕೆ ಕೂತಾಗ ಅವರ ದೋಣಿಯ ಜೊತೆಗಾರ ನೊಫ್ರಿಯೊ, ನಮ್ಮವರು ಗೆಳೆಯನನ್ನು ಕರೆಯುವಂತೆ ಕುಂಪಾ ಎಂದು ಕರೆದು, ಬೇಕೆಂದೇ ಕೆಣಕುತ್ತಿದ್ದ.

"ಕುಂಪಾ, ಆ ಸೌಟಿನ ಕಥೆ ಹೇಳೋ. ನಮ್ಮನೆ ಹೊಸ ಸೊಸೆ ಇನ್ನೂ ಕೇಳಿಲ್ಲ."

ಭಾವ ಬೇಡ ಬೇಡ ಅನ್ನುತ್ತಲೇ ಬಾಯಿ ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದರು.

"ಸಾವಿರದ ಒಂಬೈನೂರ ಹದಿನೆಂಟನೇ ಇಸವಿ. ಸೈನ್ಯದ ಶಿಬಿರ. ಮುನ್ನೂರು ಜನಕ್ಕೆ ನಾನು ಅಡುಗೆಯವನು. ಅವತ್ತು ಜಡ್ಜ್ ಸಾಹೇಬ್ರು ಬಂದ್ರು. ಹೊರದೇಶದ ಸಿಪಾಯಿಗಳನ್ನೆಲ್ಲ ಮೈದಾನದಲ್ಲಿ ನಿಲ್ಸಿ, ಬಲಗೈ ಎತ್ತಿಸಿ, ಪ್ರಮಾಣ ಮಾಡ್ಸಿ ಪ್ರಜೆ ಮಾಡ್ಕೊಳ್ಳೋಕೆ. ನಾನೂ ಏಪ್ರನ್ ಬಿಚ್ಚಿದೆ. ಕ್ಯಾಪ್ಟನ್ ಎದುರಿಗೇ ಬಂದ. 'ಎಲ್ಲಿಗಯ್ಯಾ ಹೊರಟೆ? ಸಾರು ತಳ ಹಿಡಿದ್ರೆ ನಿನ್ನ ಚರ್ಮ ಸುಲೀತೀನಿ. ಇಲ್ಲಿಂದ್ಲೇ ಕೈ ಎತ್ತು, ದೇವ್ರಿಗೆ ಕಾಣುತ್ತೆ' ಅಂದ. ಎತ್ತಿದೆ. ಸೌಟಿನ ಸಮೇತ!"

ಹೀಗೆಂದು ಬಲಗೈ ಎತ್ತಿ, ಎದೆ ಉಬ್ಬಿಸಿ, ತೋಳಿನ ಮೇಲೆ ಬಿಸಿ ಸಾರು ಇಳಿಯುತ್ತಿದ್ದರೂ ಅಲ್ಲಾಡದ ಸಿಪಾಯಿಯಂತೆ ಮುಖ ಮಾಡುತ್ತಿದ್ದರು. ನಮಗೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗು. ನನ್ನ ಅಕ್ಕ ನಿನ್ಫಾ, ಅಂದರೆ ಅವರ ಹೆಂಡತಿ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ನಗುತ್ತಿದ್ದೆ. ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ?

ನಮ್ಮ ಜನರೇ ಹಾಗೆ. ಇಟಲಿಯ ಸಿಸಿಲಿಯ ಇಸೋಲಾ ಎಂಬ ಮೀನುಗಾರರ ಊರಿಂದ ಬಂದು ಅಮೆರಿಕದ ಮಾಂಟೆರೆಯ ಸಮುದ್ರದ ದಂಡೆಯಲ್ಲಿ ನೆಲೆಯಾದವರು. ದೋಣಿಯಲ್ಲಿ ಯಾರಿಗೆ ಎಷ್ಟು ಪಾಲು, ಯಾರ ಮಗಳು ಯಾರ ಮನೆಗೆ ಎಂಬುದೆಲ್ಲ ನಾಲ್ಕು ಜನರೆದುರು ಕೈ ಎತ್ತಿದರೆ ಅಲ್ಲಿಗೆ ಮುಗಿಯಿತು. ಮೇಲೊಂದು ಕಾಗದ ಕೇಳಿದರೆ ಮುಖಕ್ಕೆ ಉಗಿದ ಹಾಗೆ. ಭಾವನೂ ಕೈ ಎತ್ತಿದ್ದರು, ಕ್ಯಾಪ್ಟನ್ ಸಾಕ್ಷಿಯಿದ್ದ. ಇನ್ನೇನು ಬೇಕು?

ಫ್ರಾನ್ಸಿನ ಯುದ್ಧದ ಬಗ್ಗೆ ಮಾತ್ರ ಅವರು ಎದ್ದು ನಿಂತು ಹೇಳುತ್ತಿರಲಿಲ್ಲ. ಒಮ್ಮೆ ನೊಫ್ರಿಯೊನ ಜೊತೆ ಬಲೆ ಹೊಲಿಯುತ್ತಾ, "ಮುನ್ನೂರು ಜನಕ್ಕೆ ಬೇಯಿಸಿದ್ದೆ, ನೂರ ನಲವತ್ತು ಜನ ಉಂಡ್ರು. ಉಳಿದದ್ದನ್ನ ನೆಲಕ್ಕೆ ಸುರಿದೆ" ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ವಿಷದ ಹೊಗೆ ಕುಡಿದು ಬಂದ ಕೆಮ್ಮು ಅವರನ್ನು ಕೊನೆತನಕ ಬಿಡಲಿಲ್ಲ. ಸೈನ್ಯದವರು ಕೊಟ್ಟ ಕಾಗದಕ್ಕೆ ಚೌಕಟ್ಟು ಹಾಕಿಸಿ, ಹಜಾರದಲ್ಲಿ ಸಂತ ರೊಸಾಲಿಯಾಳ ಪಟದ ಪಕ್ಕದಲ್ಲಿ ತೂಗುಹಾಕಿದ್ದರು. ಆ ಯುದ್ಧ ಮುಗಿದ ದಿನವೆಂದು ಪ್ರತಿ ನವೆಂಬರ್ ಹನ್ನೊಂದಕ್ಕೆ ಹಳೇ ಸಮವಸ್ತ್ರ ತೊಟ್ಟು, ಹೊಟ್ಟೆ ಒಳಗೆಳೆದುಕೊಂಡು ಮೆರವಣಿಗೆಯಲ್ಲಿ ನಡೆಯುತ್ತಿದ್ದರು. ಮಿಕ್ಕ ದಿನಗಳಲ್ಲಿ ಆ ಕಾಗದ ತೋರಿಸಿ ನೊಫ್ರಿಯೊನ ಪ್ರಾಣ ತಿನ್ನುತ್ತಿದ್ದರು.

"ಮೂವತ್ತು ವರ್ಷ ಆಯ್ತಲ್ಲೋ ಬಂದು. ಇನ್ನೂ ಪರದೇಸಿಯಾಗೇ ಇದೀಯ. ಕಾಗದ ಮಾಡಿಸ್ಕೊಳ್ಳೋ, ಕತ್ತೆ!"

ಆ ಜಂಬ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ನಾನು ಬೆನೆದೆತ್ತಾ. ದೆತ್ತಾ ಅಂತ ಕರೆಯುತ್ತಾರೆ. ಮದುವೆಯಾಗಲಿಲ್ಲ. ಬೂತಾಯಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಅಮ್ಮ ಇಸೋಲಾದಿಂದ ಹಡಗು ಹತ್ತುವಾಗ ನಿನ್ಫಾ ಕಂಕುಳಲ್ಲಿದ್ದಳು, ನಾನು ಹೊಟ್ಟೆಯಲ್ಲಿದ್ದೆ. ಹಾಗಾಗಿ ಹುಟ್ಟುತ್ತಲೇ ನಾನು ಈ ದೇಶದವಳು. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಓದಲು ಬರೆಯಲು ಬರುತ್ತಿದ್ದ ಕೆಲವರಲ್ಲಿ ನಾನೂ ಒಬ್ಬಳು. ಇಪ್ಪತ್ತು ವರ್ಷ ಆ ಚೌಕಟ್ಟಿನ ಕೆಳಗೇ ಓಡಾಡಿದ್ದೇನೆ. ಓದಲಿಲ್ಲ. ಸಂತರ ಪಕ್ಕದಲ್ಲಿ ತೂಗುಹಾಕಿದ್ದನ್ನು ಯಾರು ಓದುತ್ತಾರೆ?

ನಲವತ್ತೊಂದರ ಡಿಸೆಂಬರಿನಲ್ಲಿ ಇಟಲಿಯ ಜೊತೆ ಯುದ್ಧ ಶುರುವಾಯಿತು. ಅಕ್ಕನ ಒಬ್ಬನೇ ಮಗ ಮರಿಯಾನೊ ಆಗಲೇ ನೌಕಾಪಡೆ ಸೇರಿ ಯಾವುದೋ ಸಮುದ್ರದಲ್ಲಿದ್ದ. ಫೆಬ್ರವರಿಯಲ್ಲಿ ಅಂಚೆ ಕಚೇರಿಯ ಗೋಡೆಗೆ ನೋಟೀಸು ಬಂತು. ಪ್ರಜೆಗಳಲ್ಲದ ಇಟಲಿಯವರೆಲ್ಲ ಶತ್ರುದೇಶದವರು, ಬಂದು ಹೆಸರು ಬರೆಸಿ ಬೆರಳಚ್ಚು ಕೊಡಬೇಕು. ಇಪ್ಪತ್ನಾಲ್ಕನೇ ತಾರೀಖಿನೊಳಗೆ ಹೆದ್ದಾರಿಯಿಂದ ಸಮುದ್ರದ ಕಡೆಗಿರುವ ಮನೆಗಳನ್ನು ಬಿಡಬೇಕು.

ಅವತ್ತು ನೊಫ್ರಿಯೊನ ಕೈ ಹಿಡಿದು ಅಂಚೆ ಕಚೇರಿಗೆ ಕರೆದುಕೊಂಡು ಹೋದವರು ಭಾವನೇ. ಫಾರಂ ತುಂಬಲು ನಾನು ಜೊತೆಗೆ ಹೋಗಿದ್ದೆ. ಭಾವ ಟೈ ಕಟ್ಟಿದ್ದರು.

"ಹೆದರಬೇಡ ಕುಂಪಾ, ನಾನು ಮಾತಾಡ್ತೀನಿ. ನನ್ನ ಮಾತಿಗೆ ಇಲ್ಲಿ ಬೆಲೆ ಇದೆ."

ಕಿಟಕಿಯ ಹೆಂಗಸು ನೊಫ್ರಿಯೊನದು ಮುಗಿಸಿ ಭಾವನ ಕಡೆ ತಿರುಗಿದಳು. ನಿಮ್ಮ ಪ್ರಮಾಣಪತ್ರ ಎಲ್ಲಿ ಎಂದಳು. ಭಾವ ನಗುತ್ತಾ ಮನೆಗೆ ಹೋಗಿ ಚೌಕಟ್ಟನ್ನೇ ಹೊತ್ತು ತಂದರು. ಅವಳು ಓದಿದಳು. ಇನ್ನೊಮ್ಮೆ ಓದಿದಳು.

"ಇದು ಸೈನ್ಯದಿಂದ ಬಿಡುಗಡೆಯಾದ ಪತ್ರ. ನೀವು ಸಿಪಾಯಿಯಾಗಿದ್ರಿ, ನಡತೆ ಒಳ್ಳೇದು ಅಂತಿದೆ. ಪ್ರಜೆ ಅಂತ ಎಲ್ಲೂ ಇಲ್ವಲ್ಲ."

"ನಾನು ಪ್ರಮಾಣ ಮಾಡಿದೀನಿ ಮೇಡಂ."

"ಸಹಿ ಹಾಕಿದ್ರಾ?"

ಭಾವ ಕಥೆ ಹೇಳತೊಡಗಿದರು. ತಮ್ಮ ಮುರುಕು ಇಂಗ್ಲಿಷಿನಲ್ಲಿ, ಮೈದಾನ, ಜಡ್ಜ್, ಕ್ಯಾಪ್ಟನ್, ಸಾರು, ಎಲ್ಲ. ಕೊನೆಗೆ ಅಷ್ಟು ಜನರ ನಡುವೆ ಬಲಗೈ ಎತ್ತಿಯೂ ತೋರಿಸಿದರು. ಯಾರೂ ನಗಲಿಲ್ಲ. ಒಂದು ಮಾತು ಆಡಿ ಸೇಡು ತೀರಿಸಿಕೊಳ್ಳಬಹುದಾಗಿದ್ದ ನೊಫ್ರಿಯೊ ಟೋಪಿ ತೆಗೆದು ತಲೆ ತಗ್ಗಿಸಿದ. 

"ಹೆಂಡತಿ?" ಅವಳು ಕೇಳಿದಳು.

"ಅವಳು ಪ್ರಜೆ. ಇಪ್ಪತ್ತನೇ ಇಸವೀಲಿ ನನ್ನ ಕೈ ಹಿಡಿದ್ಲು. ಗಂಡನಿಗಿದ್ರೆ ಹೆಂಡ್ತಿಗೂ ಬರುತ್ತೆ ಅಂತ ಆಗಿನ ಕಾನೂನು."

"ಗಂಡನಿಗೆ ಇದ್ದಿದ್ರೆ ಬರ್ತಿತ್ತು," ಅಂದಳು ಅವಳು, ಮೆಲ್ಲಗೆ. "ನಿಮಗೇ ಇಲ್ವಲ್ಲ. ಅವರೂ ಹೊರಡಬೇಕಾಗುತ್ತೆ."

"ಅವಳು ಹಾಸಿಗೆ ಹಿಡಿದಿದಾಳೆ. ಅವಳನ್ನ ಅಲ್ಲಾಡಿಸೋ ಹಾಗಿಲ್ಲ."

ಅದು ನಿಜ. ಅಕ್ಕನ ಹೃದಯ ಸೋತು ಎರಡು ಕಾಲಿಗೂ ನೀರು ತುಂಬಿತ್ತು. ಮೂರು ದಿಂಬಿಗೆ ಒರಗಿದರೆ ಮಾತ್ರ ಉಸಿರಾಟ. ಮಂಚದಿಂದ ಕುರ್ಚಿಗೆ ಕೂರಿಸುವುದಕ್ಕೂ ಡಾಕ್ಟರು ಬೇಡವೆಂದಿದ್ದರು. ಆ ಹೆಂಗಸು ಕೆಟ್ಟವಳಲ್ಲ, ಅವಳ ಕಣ್ಣೂ ಕೆಂಪಾಗಿತ್ತು. ಆದರೂ ಭಾವನ ಹತ್ತು ಬೆರಳನ್ನೂ ಒಂದೊಂದಾಗಿ ಶಾಯಿಗೆ ಒತ್ತಿಸಿಕೊಂಡಳು.

ಒಂಬತ್ತು ದಿನ ಉಳಿದಿತ್ತು. ಶತ್ರುದೇಶದವರು ದೂರ ಪ್ರಯಾಣ ಮಾಡುವಂತಿಲ್ಲವಾದ್ದರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಾನೇ ಹೋದೆ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದೆ. ಕೊನೆಗೆ ಒಬ್ಬ ಅಧಿಕಾರಿ ಸಿಕ್ಕಿದ.

"ಅರ್ಜಿ ಹಾಕ್ಲಿ. ಸೇವೆ ಮಾಡಿದವರಿಗೆ ಸುಲಭ. ಐದಾರು ತಿಂಗಳಲ್ಲಿ ಆಗುತ್ತೆ."

"ನಮಗಿರೋದು ಒಂದು ವಾರ ಸಾರ್. ಅಲ್ಲಿಯವರೆಗೆ ನಮ್ಮ ಅಕ್ಕನನ್ನ ಅವಳ ಮಂಚದ ಮೇಲೇ ಇರೋಕೆ ಬಿಡಿ. ಅವಳೇನು ದಂಡೆ ಮೇಲೆ ನಿಂತು ಶತ್ರುಗಳಿಗೆ ದೀಪ ತೋರಿಸ್ತಾಳಾ?"

"ಮಲಗಿರೋರನ್ನ ಮಲಗಿಸ್ಕೊಂಡೇ ಸಾಗಿಸಬಹುದು," ಅಂದ ಅವನು. "ಎಷ್ಟೋ ಜನ ಹಾಗೇ ಮಾಡ್ತಿದಾರೆ."

ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಆ ಅಧಿಕಾರಿಗೆ ಶಾಪ ಹಾಕಲಿಲ್ಲ. ಭಾವನಿಗೆ ಹಾಕಿದೆ. ಅವತ್ತು ಮೈದಾನಕ್ಕೆ ಹತ್ತು ಹೆಜ್ಜೆ ನಡೆದು ಉಳಿದವರ ಹಾಗೆ ಸಹಿ ಹಾಕಿದ್ದರೆ ಮುಗಿಯುತ್ತಿತ್ತು. ಆಮೇಲಾದರೂ ಇಪ್ಪತ್ನಾಲ್ಕು ವರ್ಷಗಳಲ್ಲಿ ಒಂದು ಸಲ ಯಾರನ್ನಾದರೂ ಕೇಳಬಹುದಿತ್ತು. ಜಂಬ. ಆ ಜಂಬವೇ ನನ್ನ ಅಕ್ಕನನ್ನು ಕೊಲ್ಲುತ್ತದೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಹೇಳಲಿ ಎಂದು ನಾನು ಬಾಗಿಲಲ್ಲೇ ನಿಂತೆ. ಭಾವ ಮಂಚದ ತುದಿಯಲ್ಲಿ ಕೂತು, ಶಾಯಿ ಹೋಗದ ಬೆರಳುಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡು, ನೆಲ ನೋಡುತ್ತಾ ಎಲ್ಲ ಹೇಳಿದರು. ತಾನು ಪ್ರಜೆಯಲ್ಲ, ಅವಳೂ ಅಲ್ಲ, ನಾಡಿದ್ದು ಹೊರಡಬೇಕು. ಅಕ್ಕ ಅವರ ಕಡೆ ತಲೆ ಹೊರಳಿಸಿದಳು. ಅವಳಿಗೆ ಒಂದು ಮಾತಿಗೆ ಎರಡು ಉಸಿರು ಬೇಕಾಗುತ್ತಿತ್ತು.

"ಆ ಸಾರು... ಚೆನ್ನಾಗಿತ್ತಾ?" ಎಂದು ಕೇಳಿದಳು.

ಭಾವ ಅವಳ ಹೊದಿಕೆಯಲ್ಲಿ ಮುಖ ಹುದುಗಿಸಿ ಅತ್ತರು. ಗಂಡಸೊಬ್ಬ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವಳು ಅವರ ತಲೆ ಸವರುತ್ತಿದ್ದಳು. ನನಗೆ ಕರುಣೆ ಬರಲಿಲ್ಲ.

ಇಪ್ಪತ್ಮೂರರಂದು ಬಲೆ ಸಾಗಿಸುವ ಲಾರಿಯಲ್ಲಿ ಹಾಸಿಗೆ ಹಾಕಿ ಅವಳನ್ನು ಮಲಗಿಸಿದೆವು. ನೊಫ್ರಿಯೊನ ಮನೆಯವರ ಪಾತ್ರೆಪಗಡೆಯೂ ಅದರಲ್ಲೇ. ಒಳನಾಡಿನ ಸಲೀನಾಸಿನಲ್ಲಿ ಒಬ್ಬ ರೈತ ಕೋಳಿ ಸಾಕುತ್ತಿದ್ದ ಕೊಟ್ಟಿಗೆಯನ್ನು ಎರಡು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದ. ಎಷ್ಟು ಉಜ್ಜಿದರೂ ವಾಸನೆ ಹೋಗಲಿಲ್ಲ. ಹಲಗೆಗಳ ಸಂದಿನಿಂದ ಗಾಳಿ ಬರುತ್ತಿತ್ತು. ಮೂರನೇ ದಿನಕ್ಕೇ ಅಕ್ಕನ ತುಟಿ ನೀಲಿಗಟ್ಟಿತು.

ಅವಳು ಕೇಳಿದ್ದು ಒಂದೇ. "ನನ್ನನ್ನ ಲಿಯಾ ಹತ್ರ ಮಲಗಿಸಿ."

ಲಿಯಾ ಅವಳ ಮಗಳು. ಆರು ವರ್ಷದವಳಿದ್ದಾಗ ಗಂಟಲುಬೇನೆಯಿಂದ ಹೋದಳು. ಮಾಂಟೆರೆಯ ಸ್ಮಶಾನದಲ್ಲಿ ಅವಳನ್ನು ಮಣ್ಣು ಮಾಡಿದಾಗ ಅಕ್ಕಪಕ್ಕದ ಎರಡು ಜಾಗಗಳನ್ನೂ ಹಿಡಿದಿಟ್ಟುಕೊಂಡಿದ್ದೆವು. ಎಡಗಡೆ ತಾಯಿಗೆ, ಬಲಗಡೆ ತಂದೆಗೆ, ಮಗು ನಡುವೆ. ಭಾವ ಆಗ ಸಮುದ್ರದಲ್ಲಿದ್ದರು, ಅಕ್ಕನಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಹಾಗಾಗಿ ಸ್ಮಶಾನದ ಪುಸ್ತಕದಲ್ಲಿ ಜಾಗ ಬರೆಸಿದ್ದು ನನ್ನ ಹೆಸರಿಗೆ.

ಮಾರ್ಚ್ ಎಂಟರ ಮಧ್ಯಾಹ್ನ ಅಕ್ಕನಿಗೆ ಉಸಿರು ಎಳೆಯತೊಡಗಿತು. ಪಾದ್ರಿಗಳನ್ನು ಕರೆತರಲು ನೊಫ್ರಿಯೊ ಓಡಿದ್ದ. ಭಾವ ಆ ಇಕ್ಕಟ್ಟಿನಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರು.

"ದೆತ್ತಾ, ಏನು ಮಾಡ್ಲಿ? ಏನಾದ್ರೂ ಹೇಳು, ಏನು ಮಾಡ್ಲಿ ನಾನು?"

"ಕೈ ಎತ್ತು," ಅಂದೆ. ಅಲ್ಲಿಯವರೆಗೆ ನಾನು ಅವರನ್ನು ನೀವು ಎಂದಲ್ಲದೆ ಮಾತಾಡಿಸಿದ್ದೇ ಇಲ್ಲ. "ಎತ್ತು, ನಿನಗೆ ಗೊತ್ತಿರೋದು ಅದೊಂದೇ ತಾನೇ. ದೇವ್ರಿಗೆ ಕಾಣುತ್ತೆ."

ಅವರು ಗೋಡೆಗೆ ಒರಗಿ ಕೂತರು. ಅಕ್ಕ ಕೇಳಿಸಿಕೊಂಡಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಸಿಕೊಂಡಿರಬಾರದು ಎಂದು ಇವತ್ತಿಗೂ ಬೇಡಿಕೊಳ್ಳುತ್ತೇನೆ. ಪಾದ್ರಿಗಳು ಬರುವ ಮುಂಚೆಯೇ ಅವಳು ಹೋದಳು.

ಮಣ್ಣು ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಸಲೀನಾಸಿನಲ್ಲೇ ಮಾಡಿದರೆ ಭಾವ ಗುಂಡಿಯ ಪಕ್ಕದಲ್ಲಿ ನಿಲ್ಲಬಹುದಿತ್ತು. ಮಾಂಟೆರೆಗೆ ಒಯ್ದರೆ ಅವರು ಹೆದ್ದಾರಿ ದಾಟುವಂತಿರಲಿಲ್ಲ. ಅಪ್ಪಣೆ ಕೇಳಿದ್ದಕ್ಕೆ ಹತ್ತು ದಿನ ಬೇಕು ಅಂದರು. ಹೆದ್ದಾರಿಯವರೆಗೆ ಮಾತ್ರ ಹೋಗಿಬರಲು ಸಲೀನಾಸಿನ ಪೊಲೀಸರು ಒಂದು ಚೀಟಿ ಕೊಟ್ಟರು.

"ಇಲ್ಲೇ ಮಾಡು ಕುಂಪಾ," ಅಂದ ನೊಫ್ರಿಯೊ. "ಗಂಡ ಇಲ್ದೆ ಮಣ್ಣು ಮಾಡೋದುಂಟಾ?"

"ಅವಳು ಮಗು ಹತ್ರ ಅಂದಿದಾಳೆ," ಅಂದರು ಭಾವ. "ಹೋಗ್ಲಿ. ಅವಳು ಹೋಗ್ಲಿ."

ಮಣ್ಣಿನ ದಿನ ಭಾವ ಹಳೇ ಸಮವಸ್ತ್ರ ತೊಟ್ಟು ಬಂದಿದ್ದರು. ಅದು ಬಿಟ್ಟು ಬೇರೆ ಒಳ್ಳೆ ಬಟ್ಟೆ ಆ ಕೊಟ್ಟಿಗೆಗೆ ತಂದಿರಲಿಲ್ಲವೇನೋ, ಅಥವಾ ಬೇಕೆಂದೇ ತೊಟ್ಟರೋ. ನನಗೆ ಮಾತ್ರ ಅದೂ ಮೆರವಣಿಗೆಯಾಗಿ ಕಂಡು ಹಲ್ಲು ಕಚ್ಚಿದೆ. ಹೆದ್ದಾರಿ ಬಂದಾಗ ಶವದ ಗಾಡಿ ನಿಂತಿತು. ಅಲ್ಲಿ ಕಾವಲಿದ್ದ ಸಿಪಾಯಿ ಒಳಗೆ ಇಣುಕಿ, ಸಮವಸ್ತ್ರ ನೋಡಿ, ಶವಪೆಟ್ಟಿಗೆ ನೋಡಿ, ಏನು ಹೇಳಬೇಕೋ ತಿಳಿಯದೆ ನಿಂತ. ಅವನು ಹೇಳಬೇಕಾಗಿ ಬರಲಿಲ್ಲ. ಭಾವ ತಾವಾಗಿಯೇ ಇಳಿದರು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ತೆಗೆದು, ರಸ್ತೆಯ ಈಚೆ ಬದಿಗೆ ಸರಿದು ನಿಂತರು.

"ದೆತ್ತಾ, ನನ್ನ ಪಾಲಿನ ಮಣ್ಣೂ ನೀನೇ ಹಾಕಮ್ಮ."

 ಗಾಡಿ ದಾಟಿತು.

ಸ್ಮಶಾನದಲ್ಲಿ ಜನ ಬಹಳ ಇರಲಿಲ್ಲ. ನಮ್ಮ ಬೀದಿಯೇ ಖಾಲಿಯಾಗಿತ್ತು. ನಾನು ನನ್ನ ಪಾಲಿನ ಮಣ್ಣು ಹಾಕಿದೆ. ಒಂದೇ ಹಿಡಿ. ಎಲ್ಲ ಮುಗಿದ ಮೇಲೆ ಸ್ಮಶಾನ ನೋಡಿಕೊಳ್ಳುವ ಮುದುಕ ಪುಸ್ತಕ ಹಿಡಿದು ಬಂದ.

"ಬಲಗಡೆ ಜಾಗ ಹಾಗೇ ಇರ್ಲಾ ತಾಯಿ? ಯಾಕಂದ್ರೆ ಒಬ್ಬ ಪೋರ್ಚುಗೀಸ್ ಅಜ್ಜಿ ತೀರ್ಕೊಂಡಿದಾರೆ. ಈ ಸಾಲಿನಲ್ಲಿ ಬೇರೆ ಜಾಗ ಇಲ್ಲ, ಅವರ ಮನೆಯವರು ಅಳ್ತಾ ಕೂತಿದಾರೆ. ನಿಮ್ಮ ಭಾವ ಹೇಗೂ ಊರು ಬಿಟ್ರಲ್ಲ..."

ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಇವಳನ್ನು ಕೊಂದವನಿಗೆ ಇವಳ ಪಕ್ಕ ಯಾಕೆ ಜಾಗ ಎಂಬುದೊಂದೇ ನನ್ನೊಳಗೆ ಕುದಿಯುತ್ತಿತ್ತು.

"ಕೊಟ್ಬಿಡಿ," ಅಂದೆ. "ಅವರು ಇಲ್ಲಿಯವರಲ್ಲ."

ಮುದುಕ ಪುಸ್ತಕ ಚಾಚಿದ. ಬರೆದೆ, ಪೂರ್ತಿ ಹೆಸರು, ಸ್ಪಷ್ಟ ಅಕ್ಷರ. ಜಾಗ ನನ್ನ ಹೆಸರಿನಲ್ಲಿತ್ತು, ನಾನು ಈ ದೇಶದವಳು, ನನ್ನ ಸಹಿ ನಡೆಯುತ್ತಿತ್ತು. ಪೆನ್ನು ವಾಪಸು ಕೊಡುವಾಗ ನನಗೆ ಸಮಾಧಾನವೇ ಆಯಿತು. ಆದದ್ದನ್ನು ಆದ ಹಾಗೇ ಹೇಳುತ್ತಿದ್ದೇನೆ.

ಹಿಂತಿರುಗಿ ಹೆದ್ದಾರಿಗೆ ಬರುವಾಗ ಸಂಜೆ ನಾಲ್ಕಾಗಿತ್ತು. ಭಾವ ನಾವು ಬಿಟ್ಟ ಜಾಗದಲ್ಲೇ ನಿಂತಿದ್ದರು. ಆ ಸಿಪಾಯಿ ಕೂರಲು ಒಂದು ಪೆಟ್ಟಿಗೆ ತಂದಿಟ್ಟಿದ್ದ, ಕೂತಿರಲಿಲ್ಲ. ನಾನು ಇಳಿದೆ.

"ಎಡಗಡೆಗೇ ಇಟ್ರಾ?"

"ಹೂಂ."

"ಲಿಯಾ ಮಧ್ಯದಲ್ಲಿ?"

"ಹೂಂ."

"ಸದ್ಯ," ಅಂದರು. ಕೆಮ್ಮು ಬಂತು, ಅದು ನಿಲ್ಲುವವರೆಗೆ ಕಾದರು. "ಈಗ ಬರೋಕೆ ಬಿಡ್ಲಿಲ್ಲ. ಸತ್ತ ಮೇಲೆ ಯಾರು ತಡೀತಾರೆ? ನನ್ನ ಜಾಗ ನನಗೆ ಇದ್ದೇ ಇದೆ. ಮೂರು ಗಂಟೆ ಹೊತ್ತಿನಿಂದ ಅದನ್ನೇ ಅಂದ್ಕೊಂಡು ನಿಂತಿದೀನಿ, ದೆತ್ತಾ. ಇಲ್ದಿದ್ರೆ ಬಿದ್ದುಹೋಗ್ತಿದ್ದೆ."

 ಆಗಲೇ ಹೇಳಬಹುದಿತ್ತು, ಆಗಲೇ ಓಡಿಹೋಗಿ ಆ ಮುದುಕನ ಕಾಲು ಹಿಡಿಯಬಹುದಿತ್ತು. "ಬನ್ನಿ ಭಾವ, ಚಳಿ" ಎಂದಷ್ಟೇ ಹೇಳಿ ಅವರ ತೋಳು ಹಿಡಿದು ಗಾಡಿ ಹತ್ತಿಸಿದೆ. ಮಾರನೇ ದಿನ ಮೊದಲ ಬಸ್ಸಿಗೇ ಸ್ಮಶಾನಕ್ಕೆ ಓಡಿದೆ. ಬಲಗಡೆ ಹೊಸ ಮಣ್ಣು ಬಿದ್ದಿತ್ತು. ಅದರ ಮೇಲೆ ಇನ್ನೂ ಬಾಡದ ಹೂವು.

ಆ ನಾಲ್ಕು ತಿಂಗಳು ಕೊಟ್ಟಿಗೆಯಲ್ಲಿ ಭಾವ ಅರ್ಜಿಗಾಗಿ ಇಂಗ್ಲಿಷ್ ಅಕ್ಷರ ಕಲಿತರು. ನಾನು ಮಾಂಟೆರೆಗೆ, ಕಾರ್ಖಾನೆಯ ಕೆಲಸಕ್ಕೆ ಮರಳಿದ್ದೆ, ಭಾನುವಾರ ಹೋದಾಗ ಸ್ಲೇಟು ಹಿಡಿದು ಎದುರಿಗೆ ಕೂರುತ್ತಿದ್ದರು. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದು ಬಸ್ಸು ಹತ್ತುತ್ತಿದ್ದೆ. ಅವರು ತಮ್ಮ ಹೆಸರು ಬರೆದು ತೋರಿಸುತ್ತಿದ್ದರು, ಆಮೇಲೆ ನಿನ್ಫಾಳದು, ಆಮೇಲೆ ಲಿಯಾಳದು. "ಬಲಗಡೆ ಕಲ್ಲಿನ ಮೇಲೆ ನನ್ನ ಹೆಸರನ್ನ ಮೊದಲೇ ನಾನೇ ಬರ್ಕೊಟ್ಬಿಡ್ತೀನಿ, ಇನ್ನೊಬ್ರು ತಪ್ಪು ಬರೀಬಾರ್ದು ನೋಡು" ಎಂದು ನಗುತ್ತಿದ್ದರು.  ಹೇಳದೆ ವಾಪಸು ಬರುತ್ತಿದ್ದೆ.

ಜೂನ್ ಕೊನೆಗೆ ಆ ಆಜ್ಞೆ ಎತ್ತಿದರು. ಯಾಕೆ ಹಾಕಿದರೋ ಹೇಳಲಿಲ್ಲ, ಯಾಕೆ ಎತ್ತಿದರೋ ಅದನ್ನೂ ಹೇಳಲಿಲ್ಲ. ಭಾವ ಮನೆಗೆ ಕೂಡ ಹೋಗದೆ, ಗಂಟುಮೂಟೆ ನೊಫ್ರಿಯೊನ ಕೈಗೆ ಕೊಟ್ಟು, ಬಸ್ಸಿಳಿದವರೇ ಸ್ಮಶಾನದ ದಾರಿ ಹಿಡಿದರು. ನಾನು ಹಿಂದೆ ಹಿಂದೆ ಹೋದೆ. ಗೇಟಿನ ಹತ್ತಿರ ಒಮ್ಮೆ ಕರೆದೆ, ಅವರು ನಿಲ್ಲಲಿಲ್ಲ.

ಅಕ್ಕನ ಮುಂದೆ ಮೊಣಕಾಲೂರಿ ಎಷ್ಟು ಹೊತ್ತು ಇದ್ದರೋ. ಮಗುವಿನ ಕಲ್ಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಆಮೇಲೆ ಬಲಗಡೆಗೆ ತಿರುಗಿದರು. ಅಲ್ಲಿ ಬೂದು ಬಣ್ಣದ ಹೊಸ ಕಲ್ಲಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು, ನಾನು ಕಲಿಸಿದ ಹಾಗೆಯೇ.

"ಇದು ಯಾರೋ ಬೇರೆಯವರು."

"ಹೌದು ಭಾವ."

"ಯಾರು ಕೊಟ್ರು?"

"ನಾನು. ಅವತ್ತೇ. ಸಿಟ್ಟಿನಲ್ಲಿ." ಅವರ ಪಕ್ಕ ಹುಲ್ಲಿನ ಮೇಲೆ ಕೂತೆ. "ನನ್ನನ್ನ ಬಯ್ಯಿರಿ ಭಾವ. ಹೊಡೀರಿ. ನಾನು ಪಾದ್ರಿಗಳನ್ನ ಕೇಳ್ತೀನಿ, ಆ ಅಜ್ಜಿ ಮನೆಯವರ ಕಾಲಿಗೆ ಬೀಳ್ತೀನಿ, ಏನಾದ್ರೂ ಮಾಡ್ತೀನಿ."

ಅವರು ಕಲ್ಲಿನಿಂದ ಬೆರಳು ತೆಗೆದರು. ಬಯ್ಯಲಿಲ್ಲ. ನನ್ನ ಮುಖ ನೋಡಿ ಒಂದೇ ಒಂದು ಪ್ರಶ್ನೆ ಕೇಳಿದರು.

"ಸಹಿ ಹಾಕಿದೀಯಾ?"

"ಹೂಂ."

"ಹಾಗಿದ್ರೆ ಬಿಡು. ಏನೂ ಮಾಡೋಕಾಗಲ್ಲ," ಎಂದು ಟೋಪಿ ಹಾಕಿಕೊಂಡು ಎದ್ದರು.